ಹಿಮನದಿ, ಧ್ರುವ ವಿಜ್ಞಾನ: ಎಂಎಸ್ಸಿ ವಿದ್ಯಾರ್ಥಿ ಮೊದಲು ಯಾವ ತರಬೇತಿಗೆ, ಯಾವ ಕಾನ್ಫರೆನ್ಸಿಗೆ ಹೋಗಬೇಕು?

ನಿಮ್ಮ ಪ್ರಶ್ನೆ ಇದು: ಭೂವಿಜ್ಞಾನದಲ್ಲಿ ಎಂಎಸ್ಸಿ ಮೊದಲ ವರ್ಷ ಓದುತ್ತಿದ್ದೀರಿ, ಹಿಮನದಿ ಅಥವಾ ಅಂಟಾರ್ಕ್ಟಿಕಾ ಕುರಿತು ಪಿಎಚ್‌ಡಿ ಮಾಡುವ ಆಸೆಯಿದೆ, ನಿಮ್ಮ ವಿಭಾಗದಲ್ಲಿ ಈ ವಿಷಯದವರು ಯಾರೂ ಇಲ್ಲ. ಸಾಲ ಮಾಡಿಯಾದರೂ ವಿಯೆನ್ನಾದ ಇಜಿಯು ಸಭೆಗೆ ಹೋದರೆ ದಾರಿ ಸಿಕ್ಕೀತೇ?

ಈ ವರ್ಷ ಖಂಡಿತ ಬೇಡ. ಯುರೋಪಿನ ಭೂವಿಜ್ಞಾನಿಗಳ ಆ ವಾರ್ಷಿಕ ಸಭೆಗೆ 15,000ಕ್ಕೂ ಹೆಚ್ಚು ಜನ ಸೇರುತ್ತಾರೆ. ಅಷ್ಟು ಜನರ ನಡುವೆ ಹೊಸಬರನ್ನು ಯಾರಾದರೂ ನಿಂತು ಮಾತನಾಡಿಸುವುದು ಅವರ ಪೋಸ್ಟರ್ ಮುಂದೆ ಮಾತ್ರ. ತೋರಿಸಲು ನಿಮ್ಮದೇ ಒಂದು ಫಲಿತಾಂಶ ಇಲ್ಲದಿದ್ದರೆ ಐದು ದಿನ ಒಂದು ಹಾಲ್‌ನಿಂದ ಇನ್ನೊಂದಕ್ಕೆ ಅಲೆದು ಬರುವುದಷ್ಟೇ ಆಗುತ್ತದೆ. ಮೊದಲು ಒಂದು ಚಿಕ್ಕ ಕೆಲಸ ಮುಗಿಸಿ, ಆಮೇಲೆ ದೇಶದೊಳಗಿನ ತರಬೇತಿಗೆ ಹೋಗಿ. ವಿಯೆನ್ನಾ ಅದರ ನಂತರದ್ದು.

ಆ ಚಿಕ್ಕ ಕೆಲಸಕ್ಕೆ ಹಿಮದ ಮೇಲೆ ಕಾಲಿಡಲೇಬೇಕೆಂದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಹಿಮಾಚಲ ಪ್ರದೇಶದ ಲಾಹೌಲ್‌ನಲ್ಲಿ, ಚಂದ್ರಾ ನದಿಯ ಕಣಿವೆಯಲ್ಲಿ ಛೋಟಾ ಶಿಗ್ರಿ ಎಂಬ ಹಿಮನದಿಯಿದೆ. 2002ರಿಂದ ಅದರ ಹಿಮದ ಜಮಾ-ಖರ್ಚನ್ನು ಸ್ಥಳದಲ್ಲೇ ಅಳೆಯುತ್ತಾ ಬಂದಿದ್ದಾರೆ. ಹಾಗಾಗಿ ನಿಮ್ಮ ಲೆಕ್ಕವನ್ನು ಪ್ರಕಟವಾದ ಅಂಕಿಗಳ ಜೊತೆ ತಾಳೆ ನೋಡಬಹುದು. ಬೇಸಿಗೆ ಮುಗಿಯುವ ಹೊತ್ತಿಗೆ ಹಿಂದಿನ ಚಳಿಗಾಲದ ಹಿಮ ಎಲ್ಲಿಯವರೆಗೆ ಕರಗಿ ಹೋಗಿದೆ, ಎಲ್ಲಿಂದ ಮೇಲೆ ಉಳಿದಿದೆ ಎಂಬ ಗೆರೆಗೆ ಹಿಮರೇಖೆ ಎನ್ನುತ್ತಾರೆ. ಅದು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಏಳೆಂಟು ವರ್ಷಗಳ ಸೆಂಟಿನೆಲ್-2 ಉಪಗ್ರಹ ಚಿತ್ರಗಳಲ್ಲಿ ಗುರುತಿಸಿ. ಚಿತ್ರಗಳಿಗೆ ದುಡ್ಡಿಲ್ಲ, ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶಕ್ಕೂ ಇಲ್ಲ, ಎತ್ತರ ತಿಳಿಯಲು ಬೇಕಾದ ಕೋಪರ್ನಿಕಸ್‌ನ 30 ಮೀಟರ್ ಡಿಇಎಂಗೂ (ನೆಲದ ಎತ್ತರದ ಡಿಜಿಟಲ್ ನಕ್ಷೆ) ಇಲ್ಲ. ದಿನಕ್ಕೆ ಎರಡು ಗಂಟೆ ಕೂತರೆ ಎರಡು ತಿಂಗಳು ಸಾಕು.

ಎಡವುವ ಜಾಗಗಳನ್ನು ಮೊದಲೇ ಹೇಳುತ್ತೇನೆ. ಎಲ್ಲರೂ ಉಪಗ್ರಹ ಚಿತ್ರದಲ್ಲಿ ಹಿಮ ಗುರುತಿಸುವ ಎನ್‌ಡಿಎಸ್‌ಐ ಸೂಚ್ಯಂಕ ಹಾಕಿ 0.4ಕ್ಕಿಂತ ಹೆಚ್ಚಿದ್ದರೆ ಹಿಮ ಎಂದು ಬರೆದುಬಿಡುತ್ತಾರೆ. ಆ ಸೂಚ್ಯಂಕ ಹಿಮ ಮತ್ತು ಬಂಡೆಯನ್ನು ಚೆನ್ನಾಗಿ ಬೇರ್ಪಡಿಸುತ್ತದೆ, ಆದರೆ ಹಿಮ ಮತ್ತು ಬರಿಯ ಮಂಜುಗಡ್ಡೆ ಎರಡಕ್ಕೂ ಹೆಚ್ಚಿನ ಅಂಕಿಯನ್ನೇ ಕೊಡುತ್ತದೆ. ನಿಮಗೆ ಬೇಕಾದ ಗೆರೆಯೋ ಆ ಎರಡರ ನಡುವಿನದು. ಅದಕ್ಕೆ ಅದೇ ಚಿತ್ರದ ನಿಯರ್ ಇನ್‌ಫ್ರಾರೆಡ್ ಬ್ಯಾಂಡ್ (ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕು) ನೋಡಿ. ಅಲ್ಲಿ ಹಿಮ ಬೆಳ್ಳಗೆ, ಮಂಜುಗಡ್ಡೆ ಮಂಕಾಗಿ ಕಾಣುತ್ತದೆ. ಎರಡನೆಯದು, ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಹೊಸ ಹಿಮ ಬಿದ್ದರೆ ಗೆರೆ ನೂರಾರು ಮೀಟರ್ ಕೆಳಗೆ ಇಳಿದಂತೆ ಕಾಣುತ್ತದೆ. ಆದ್ದರಿಂದ ವರ್ಷಕ್ಕೆ ಒಂದೇ ಚಿತ್ರ ನಂಬಬೇಡಿ. ಆಗಸ್ಟ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಮೋಡವಿಲ್ಲದ ಎಲ್ಲ ಚಿತ್ರ ತೆಗೆದು, ಗೆರೆ ಅತಿ ಎತ್ತರದಲ್ಲಿರುವುದನ್ನು ಆರಿಸಿ. ಕಡಿದಾದ ಗೋಡೆಗಳ ನೆರಳು ಬಿದ್ದ ಭಾಗ ಬಿಟ್ಟು ಹಿಮನದಿಯ ನಡುಭಾಗದಲ್ಲೇ ಅಳೆಯಿರಿ. ಅದೇ ಕಣಿವೆಯ ಬಾತಲ್ ಹಿಮನದಿಯ ಕೆಳಭಾಗ ಕಲ್ಲುಮಣ್ಣಿನಿಂದ ಮುಚ್ಚಿದೆ, ಅದು ಮೊದಲ ಕೆಲಸಕ್ಕೆ ಬೇಡ.

ದೋಷದ ಲೆಕ್ಕವನ್ನು ಬಿಡಲೇಬಾರದು. ಗೆರೆ ಎಳೆಯುವಾಗ ಅಡ್ಡಕ್ಕೆ 30 ಮೀಟರ್ ತಪ್ಪಿದರೆ, 10 ಡಿಗ್ರಿ ಇಳಿಜಾರಿನಲ್ಲಿ ಎತ್ತರದಲ್ಲಿ ಸುಮಾರು 5 ಮೀಟರ್ ತಪ್ಪುತ್ತದೆ, ಡಿಇಎಂನ ದೋಷ ಅದಕ್ಕೆ ಸೇರುತ್ತದೆ. ಈ ಒಂದು ಸಾಲು ಬರೆದ ವಿದ್ಯಾರ್ಥಿಯನ್ನು ಆಯ್ಕೆ ಮಾಡುವವರು ಬೇರೆಯಾಗಿಯೇ ನೋಡುತ್ತಾರೆ.

ಇನ್ನು ದೇಶದೊಳಗಿನ ತರಬೇತಿ. ಮೊದಲು ಅರ್ಜಿ ಹಾಕಬೇಕಾದದ್ದು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ. ನಡೆಸುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಬಳಿ ಕೆಲಸ, ಜೊತೆಗೆ ಸ್ಟೈಪೆಂಡ್. ಅರ್ಜಿ ಸಾಮಾನ್ಯವಾಗಿ ನವೆಂಬರ್ ಕೊನೆಗೆ ಮುಗಿಯುತ್ತದೆ. ಇಲ್ಲಿ ಕೈಕೊಡುವುದು ಶಿಫಾರಸು ಪತ್ರ: ನಿಮ್ಮ ಭಾಗ ನೀವು ತುಂಬಿರುತ್ತೀರಿ, ಮೇಷ್ಟ್ರು ಪತ್ರ ಕಳಿಸಲು ಮರೆತಿರುತ್ತಾರೆ, ಅರ್ಜಿ ಅಲ್ಲೇ ಅರ್ಧಕ್ಕೆ ನಿಲ್ಲುತ್ತದೆ. ಮೂರು ವಾರ ಮೊದಲೇ ಅವರನ್ನು ಕಂಡು, ನಿಮ್ಮ ಬಗ್ಗೆ ಬರೆಯಲು ನಾಲ್ಕು ಅಂಶಗಳಿರುವ ಒಂದು ಹಾಳೆ ಕೊಟ್ಟು ಬನ್ನಿ.

ಬೆಂಗಳೂರಿನ ಹೆಸರಘಟ್ಟದ ಕಡೆ ಇರುವ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್ ಮಾನ್ಸೂನ್, ಹವಾಗುಣ ವಿಷಯಗಳ ಮೇಲೆ ಆಗಾಗ ಕಾರ್ಯಕ್ರಮ ನಡೆಸುತ್ತದೆ. ಗಣಿತ ಸ್ವಲ್ಪ ಗಟ್ಟಿಯಿರಬೇಕು. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನಲ್ಲಿರುವ ಸಾಗರ ತರಬೇತಿ ಕೇಂದ್ರದ ಕಿರು ಕೋರ್ಸ್‌ಗಳನ್ನೂ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಐಐಟಿಎಂನ ಪ್ರಕಟಣೆಗಳನ್ನೂ ನೋಡುತ್ತಿರಿ. ಐಐಎಸ್‌ಸಿಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದಲ್ಲಿ ಹಿಮಾಲಯದ ಹಿಮನದಿಗಳ ಮೇಲೆ ಕೆಲಸ ನಡೆದಿದೆ. ಕರಾವಳಿಯವರಾದರೆ ಇನ್ನೂ ಹತ್ತಿರದ ದಾರಿಯೊಂದಿದೆ: ಅಂಟಾರ್ಕ್ಟಿಕಾದ ಶಿರ್ಮಾಕರ್ ಓಯಸಿಸ್‌ನ ಸರೋವರಗಳ ಕೆಸರಿನಲ್ಲಿ ಕಾಂತೀಯ ಗುಣ ಅಳೆದು ಹಿಂದಿನ ಹವಾಗುಣ ತಿಳಿಯುವ ಅಧ್ಯಯನಗಳು ಮಣಿಪಾಲದಿಂದಲೇ ಬಂದಿವೆ. ಭೂವಿಜ್ಞಾನದವರಿಗೆ ಇದಕ್ಕಿಂತ ಹೊಂದುವ ಪ್ರಾಜೆಕ್ಟ್ ವಿಷಯ ಕಡಿಮೆ.

ಈಗ ಅಬ್‌ಸ್ಟ್ರಾಕ್ಟ್, ಅಂದರೆ ಸಭೆಗೆ ಮೊದಲೇ ಕಳಿಸುವ ನಿಮ್ಮ ಕೆಲಸದ ಸಾರಾಂಶ. ತಿರಸ್ಕೃತವಾಗುವ, ಇಲ್ಲವೇ ಸ್ವೀಕೃತವಾದರೂ ಯಾರೂ ಓದದ ಅಬ್‌ಸ್ಟ್ರಾಕ್ಟ್ ಹೀಗೆ ಶುರುವಾಗುತ್ತದೆ: "ಹವಾಮಾನ ಬದಲಾವಣೆ ಇಂದು ಜಗತ್ತು ಎದುರಿಸುತ್ತಿರುವ ಬಹುದೊಡ್ಡ ಸವಾಲು." ಮುಗಿಯುವುದು ಹೀಗೆ: "ಫಲಿತಾಂಶಗಳನ್ನು ಸಭೆಯಲ್ಲಿ ಚರ್ಚಿಸಲಾಗುವುದು." ಎರಡನ್ನೂ ಅಳಿಸಿ. ಮೊದಲ ವಾಕ್ಯದಲ್ಲೇ ಯಾವ ಹಿಮನದಿ, ಯಾವ ವರ್ಷಗಳು, ಏನು ಅಳೆದಿರಿ ಎಂದು ಹೇಳಿ. ಎರಡನೆಯದರಲ್ಲಿ ಹೇಗೆ ಅಳೆದಿರಿ. ಮೂರನೆಯದರಲ್ಲಿ ಹಿಮರೇಖೆ ಎಷ್ಟು ಮೀಟರ್ ಏರಿತು ಅಥವಾ ಇಳಿಯಿತು, ದೋಷ ಎಷ್ಟು. ನಾಲ್ಕನೆಯದರಲ್ಲಿ ಅದು ಸ್ಥಳದಲ್ಲಿ ಅಳೆದ ಅಂಕಿಗೆ ಎಲ್ಲಿ ಹೊಂದಿತು, ಯಾವ ವರ್ಷ ಹೊಂದಲಿಲ್ಲ. ಹೊಂದದ ವರ್ಷವನ್ನು ಮುಚ್ಚಿಡಬೇಡಿ, ಪೋಸ್ಟರ್ ಹತ್ತಿರ ಜನ ನಿಂತು ಕೇಳುವುದೇ ಅದನ್ನು.

ಕೈಯಲ್ಲಿ ಇಷ್ಟಿದ್ದರೆ ಮುಂದಿನ ವರ್ಷ ಇಜಿಯುಗೆ ಹಾಕಿ. ಸಭೆ ಏಪ್ರಿಲ್ ಅಥವಾ ಮೇ ಆರಂಭದಲ್ಲಿ, ಅಬ್‌ಸ್ಟ್ರಾಕ್ಟ್‌ಗೆ ಕೊನೆಯ ದಿನ ಸಾಮಾನ್ಯವಾಗಿ ಜನವರಿ ಮಧ್ಯದಲ್ಲಿ. ಆದರೆ ಯುವ ವಿಜ್ಞಾನಿಗಳಿಗೆ ಅವರೇ ಕೊಡುವ ಧನಸಹಾಯ ಬೇಕೆಂದರೆ ಡಿಸೆಂಬರ್ ಆರಂಭದೊಳಗೇ ಅಬ್‌ಸ್ಟ್ರಾಕ್ಟ್ ಸಹಿತ ಅರ್ಜಿ ಹೋಗಬೇಕು. ಜನವರಿಯ ದಿನಾಂಕವನ್ನಷ್ಟೇ ನೋಡಿಕೊಂಡು ಕೂತವರು ಪ್ರತಿ ವರ್ಷ ಈ ಹಣ ಕಳೆದುಕೊಳ್ಳುತ್ತಾರೆ. ಅಬ್‌ಸ್ಟ್ರಾಕ್ಟ್ ಸಲ್ಲಿಸಲು ಬೇರೆ ಶುಲ್ಕವಿದೆ, ತಿರಸ್ಕರಿಸಿದರೂ ಅದು ವಾಪಸ್ ಬರುವುದಿಲ್ಲ. ಸಂಶೋಧನೆಗೆ ಹಣ ಕೊಡುವ ಕೇಂದ್ರದ ಸಂಸ್ಥೆ ಎಎನ್‌ಆರ್‌ಎಫ್, ಅಂದರೆ ಹಿಂದಿನ ಎಸ್‌ಇಆರ್‌ಬಿಯ ಪ್ರಯಾಣ ಸಹಾಯ, ಸಿಎಸ್‌ಐಆರ್‌ನ ಪ್ರಯಾಣ ಅನುದಾನ ಇವೆಲ್ಲ ಹೆಚ್ಚಾಗಿ ಪಿಎಚ್‌ಡಿಯವರಿಗೆ, ಅದಕ್ಕಿಂತ ಮುಂದಿನವರಿಗೆ ಅನುಕೂಲ. ಅವುಗಳಲ್ಲಿ ಹಣ ಬರುವುದು ಬಹುಪಾಲು ಪ್ರವಾಸ ಮುಗಿದು ಬಿಲ್ಲು, ಬೋರ್ಡಿಂಗ್ ಪಾಸ್ ಒಪ್ಪಿಸಿದ ಮೇಲೆ. ಅಲ್ಲಿಯವರೆಗೆ ಟಿಕೆಟ್ ದುಡ್ಡು ಯಾರು ಹಾಕುತ್ತಾರೆ ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ ಆರು ತಿಂಗಳು ಮುಂಚೆಯಿಂದಲೇ ಅರ್ಜಿ ಹಾಕಬಹುದು. ನಿರ್ಧಾರಕ್ಕೆ 15 ದಿನ ಎಂದಿದ್ದರೂ 45 ದಿನದವರೆಗೆ ಎಳೆಯಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಪೋಸ್ಟರ್ ವಿಷಯದಲ್ಲಿ ಒಂದು ಸಣ್ಣ ಮಾತು: ಅಲ್ಲಿಯ ಬೋರ್ಡ್ ಅಡ್ಡ, 197 ಸೆಂ.ಮೀ. ಅಗಲ, 100 ಸೆಂ.ಮೀ. ಎತ್ತರ. ನಮ್ಮಲ್ಲಿ ಸಾಮಾನ್ಯವಾಗಿ ಮಾಡಿಸುವ ಉದ್ದುದ್ದ ಎ0 ಪೋಸ್ಟರ್ 118.9 ಸೆಂ.ಮೀ. ಇರುತ್ತದೆ, ಕೆಳಗಿನ ಸುಮಾರು 19 ಸೆಂ.ಮೀ. ಬೋರ್ಡಿನಿಂದ ಹೊರಗೆ ಜೋತಾಡುತ್ತದೆ. ಅಡ್ಡಕ್ಕೆ ವಿನ್ಯಾಸ ಮಾಡಿ, ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸಿ. ಮಡಚಿ ಬ್ಯಾಗಿನಲ್ಲಿಟ್ಟರೆ ಆಯಿತು, ಕೊಳವೆ ಹೊತ್ತು ವಿಮಾನ ಹತ್ತುವ ತಾಪತ್ರಯವಿಲ್ಲ.

ಪಿಎಚ್‌ಡಿ ಸೇರಿದ ಮೇಲೆ ನನ್ನ ಲೆಕ್ಕದಲ್ಲಿ ವಿಯೆನ್ನಾಕ್ಕಿಂತ ಹೆಚ್ಚು ಕೊಡುವುದು ಚಿಕ್ಕ ಶಾಲೆಗಳು. ಇಟಲಿಯ ಆಲ್ಪ್ಸ್‌ನಲ್ಲಿ ಕಾರ್ತೌಸ್ ಎಂಬ ಹಳ್ಳಿಯಲ್ಲಿ ನಡೆಯುವ ಹಿಮನದಿ ಶಾಲೆ, ಅಲಾಸ್ಕಾದ ಮೆಕಾರ್ಥಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಶಾಲೆ. ಎರಡರಲ್ಲೂ ಇರುವುದು ಮೂವತ್ತು-ನಲವತ್ತು ಜನ, ಸುಮಾರು ಹತ್ತು ದಿನ ಪಾಠ ಮಾಡುವವರ ಜೊತೆಯಲ್ಲೇ ಊಟ, ವಾಸ. ಹಿಮ ಹೇಗೆ ಹರಿಯುತ್ತದೆ ಎಂಬ ಸಮೀಕರಣ ಹಲಗೆಯ ಮೇಲೆ ಬಿಡಿಸುವಾಗ ಅರ್ಥವಾಗದ್ದನ್ನು ಅಲ್ಲೇ ಕೇಳಬಹುದು. ಸ್ಪರ್ಧೆ ಜೋರಿದೆ. ಇಟಲಿಯ ಟ್ರಿಯೆಸ್ಟೆಯಲ್ಲಿ 1964ರಲ್ಲಿ ಭೌತವಿಜ್ಞಾನಿ ಅಬ್ದುಸ್ ಸಲಾಂ ಕಟ್ಟಿದ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ಐಸಿಟಿಪಿಯಂತೂ ನಮ್ಮಂಥ ದೇಶದವರಿಗಾಗಿಯೇ ಇರುವ ಸಂಸ್ಥೆ. ಭೂವ್ಯವಸ್ಥೆಯ ಭೌತವಿಜ್ಞಾನದಲ್ಲಿ ಒಂದು ವರ್ಷದ ಡಿಪ್ಲೊಮಾಗೆ ಅವರೇ ಖರ್ಚು ಕೊಡುತ್ತಾರೆ, ಎಂಎಸ್ಸಿ ಮುಗಿದ ಕೂಡಲೇ ಅದನ್ನು ಯೋಚಿಸಿ.

ಉತ್ತರ ಧ್ರುವದ ಕಡೆ ನಾರ್ವೆಗೆ ಸೇರಿದ ದ್ವೀಪಸಮೂಹ ಸ್ವಾಲ್‌ಬಾರ್ಡ್‌ನ ಲಾಂಗ್‌ಇಯರ್‌ಬ್ಯೆನ್‌ ಊರಿನಲ್ಲಿರುವ ವಿಶ್ವವಿದ್ಯಾಲಯ ಕೇಂದ್ರ ಯುನಿಸ್‌ನ ಕೋರ್ಸ್‌ಗೆ ಸೀಟು ಸಿಕ್ಕರೆ ವೀಸಾ ಒಂದು ಸಲ ಒಳಬರುವ ಬಗೆಯದ್ದಾಗಿರಬಾರದು. ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡ, ಆದರೆ ಅದು ಷೆಂಗೆನ್ ವಲಯದ ಹೊರಗಿದೆ. ಓಸ್ಲೋದಿಂದ ಅಲ್ಲಿಗೆ ಹೋದರೆ ವಲಯ ಬಿಟ್ಟಂತೆ, ವಾಪಸ್ ಬರುವಾಗ ಎರಡನೇ ಸಲ ಒಳಬಂದಂತೆ. ಕನಿಷ್ಠ ಎರಡು ಪ್ರವೇಶದ ವೀಸಾ ಕೇಳಿ ಪಡೆಯಿರಿ.

ಅಂಟಾರ್ಕ್ಟಿಕಾಕ್ಕೆ ನೇರ ಅರ್ಜಿ ಹಾಕಬಹುದೇ ಎಂದೂ ಕೇಳಿದ್ದೀರಿ. ವಿದ್ಯಾರ್ಥಿ ಒಬ್ಬರೇ ಹಾಕುವ ಅರ್ಜಿ ಅದಲ್ಲ. ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಎನ್‌ಸಿಪಿಒಆರ್ ಸಂಶೋಧನಾ ಪ್ರಸ್ತಾವ ಕರೆಯುತ್ತದೆ, ಸಂಸ್ಥೆಯ ಮೂಲಕ ನಿಮ್ಮ ಗೈಡ್ ಪ್ರಸ್ತಾವ ಕೊಡುತ್ತಾರೆ, ಒಪ್ಪಿಗೆಯಾದರೆ ತಂಡದಲ್ಲಿ ನಿಮ್ಮ ಹೆಸರು ಬರಬಹುದು. ಆಮೇಲೆ ಕಟ್ಟುನಿಟ್ಟಿನ ವೈದ್ಯಕೀಯ ತಪಾಸಣೆ, ಉತ್ತರಾಖಂಡದ ಔಲಿಯಲ್ಲಿ ಐಟಿಬಿಪಿಯವರಿಂದ (ಇಂಡೋ-ಟಿಬೆಟನ್ ಗಡಿ ಪೊಲೀಸರು) ಹಿಮದ ಮೇಲೆ ತರಬೇತಿ. ಹುಳುಕು ಹಲ್ಲು, ರಕ್ತದೊತ್ತಡ ಇದ್ದರೆ ಈಗಲೇ ನೋಡಿಸಿಕೊಳ್ಳಿ. ಅಷ್ಟು ದೂರ ಹೋದ ಮೇಲೆ ಹಲ್ಲುನೋವಿಗೆ ವೈದ್ಯರನ್ನು ಹುಡುಕುವುದು ದೊಡ್ಡ ಕಷ್ಟ. ಪಿಎಚ್‌ಡಿಗೆ ಗೈಡ್ ಆರಿಸುವಾಗ "ನಿಮ್ಮ ಪ್ರಸ್ತಾವ ಈ ಹಿಂದೆ ಎನ್‌ಸಿಪಿಒಆರ್‌ಗೆ ಹೋಗಿದೆಯೇ?" ಎಂದು ಸಂಕೋಚವಿಲ್ಲದೆ ಕೇಳಿ. ಪಿಎಚ್‌ಡಿ ನಡುವೆ ಅಂಟಾರ್ಕ್ಟಿಕ್ ಸಂಶೋಧನೆಯ ಅಂತಾರಾಷ್ಟ್ರೀಯ ಸಮಿತಿಯಾದ ಸ್ಕಾರ್‌ನ ಫೆಲೋಶಿಪ್ ಕೂಡ ಇದೆ, ಬೇರೆ ಸದಸ್ಯ ದೇಶದ ಪ್ರಯೋಗಾಲಯದಲ್ಲಿ ಕೆಲಸ ಮಾಡಲು 15,000 ಡಾಲರ್‌ವರೆಗೆ ಕೊಡುತ್ತಾರೆ.

ಇಂದೇ ಮಾಡಬಹುದಾದ ಒಂದು ಕೆಲಸವೆಂದರೆ ಎಪೆಕ್ಸ್ ಸೇರುವುದು. ಧ್ರುವ ವಿಜ್ಞಾನದಲ್ಲಿ ಹೊಸದಾಗಿ ಬಂದವರ ಅಂತಾರಾಷ್ಟ್ರೀಯ ಸಂಘ ಅದು, ಸದಸ್ಯತ್ವಕ್ಕೆ ದುಡ್ಡಿಲ್ಲ, ಶಾಲೆ ಮತ್ತು ಫೆಲೋಶಿಪ್‌ಗಳ ಪ್ರಕಟಣೆ ಅವರ ಮೇಲ್‌ನಲ್ಲಿ ಬರುತ್ತದೆ.

ಹಾಗೆಯೇ ನಿಮ್ಮ ಇನ್‌ಬಾಕ್ಸಿಗೆ ಇನ್ನೊಂದು ಬಗೆಯ ಆಹ್ವಾನವೂ ಬರಲಿದೆ: "ತಮ್ಮ ಅಮೂಲ್ಯ ಸಂಶೋಧನೆಯನ್ನು ಮಂಡಿಸಲು ಕೋರುತ್ತೇವೆ", ಜಾಗ ದುಬೈ ಅಥವಾ ಪ್ಯಾರಿಸ್‌ನ ಹೋಟೆಲ್. ಅಬ್‌ಸ್ಟ್ರಾಕ್ಟ್ ಕಳಿಸಿದ ಮರುದಿನವೇ ಒಪ್ಪಿಗೆ, ಕೂಡಲೇ ನೋಂದಣಿ ಶುಲ್ಕದ ಲಿಂಕ್. ಅದೇ ದಿನ ಅದೇ ಹೋಟೆಲಿನಲ್ಲಿ ದಂತವೈದ್ಯ, ಹಿಮನದಿ, ಮಾರ್ಕೆಟಿಂಗ್ ಮೂರರ ಸಮ್ಮೇಳನವೂ ಇದೆಯೇ ಎಂದು ಹುಡುಕಿ ನೋಡಿ. ಸಮಿತಿಯಲ್ಲಿ ಹೆಸರಿರುವ ಒಬ್ಬರಿಗೆ ಅವರ ವಿಶ್ವವಿದ್ಯಾಲಯದ ವಿಳಾಸಕ್ಕೆ ಎರಡು ಸಾಲು ಬರೆದು ನಿಜವೇ ಎಂದು ಕೇಳಿ. ಉತ್ತರ ಬರುವವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.