ಮೇಲಿನ ಅದಿರು ಆಳದಲ್ಲೂ ಇರುತ್ತದೆಯೇ?

ಪ್ರಶ್ನೆ: ಇನ್ನೂ ಗಣಿ ತೆರೆಯದ ಗುಡ್ಡವೊಂದರ ಮೇಲಿನಿಂದ ಆರಿಸಿದ ಕಲ್ಲುಗಳಲ್ಲಿ ಶೇ. 62 ಕಬ್ಬಿಣ ಸಿಕ್ಕಿದೆ. ಇಡೀ ಗುಡ್ಡಕ್ಕೂ ಇದೇ ಲೆಕ್ಕ ಹಿಡಿಯಬಹುದೇ?

ಉತ್ತರ: ಖಂಡಿತ ಬೇಡ. ಪಟ್ಟೆಪಟ್ಟೆಯಾಗಿರುವ ಕಬ್ಬಿಣಶಿಲೆಯಲ್ಲಿ ಸಾಮಾನ್ಯವಾಗಿ ಶೇ. 25ರಿಂದ 35ರಷ್ಟೇ ಕಬ್ಬಿಣ. ಉಳಿದದ್ದು ಬಹುಪಾಲು ಸಿಲಿಕಾ, ಅಂದರೆ ಮರಳಿನ ಅಂಶ. ದೀರ್ಘಕಾಲ ನೀರು ಇಳಿದು ಸಿಲಿಕಾ ತೊಳೆದುಹೋದ ಕಡೆ ಹೆಮಟೈಟ್, ಗೋಯಥೈಟ್ ಎಂಬ ಕಬ್ಬಿಣದ ಖನಿಜಗಳು ಉಳಿದು ಮೇಲ್ಪದರ ಪುಷ್ಟವಾಗುತ್ತದೆ. ಕೆಳಗೆ ಆ ಮೂಲ ಪಟ್ಟೆಶಿಲೆ ಎದುರಾದೊಡನೆ ಕಬ್ಬಿಣದ ಅಂಶ ಕುಸಿಯುತ್ತದೆ. ಅದಿರಲಿ, ಆರಿಸಿದ ಕಲ್ಲನ್ನು ಮಾದರಿ ಎನ್ನಲಾಗದು. ಭಾರವಾಗಿ ಹೊಳೆಯುವುದನ್ನೇ ಕೈ ಎತ್ತಿಕೊಳ್ಳುತ್ತದೆ. ಪದರಗಳಿಗೆ ಅಡ್ಡಲಾಗಿ ಕಂದಕ ತೋಡಿ, ಪ್ರತಿ ಮೀಟರಿನ ಮಾದರಿಯನ್ನು ಬೇರೆಬೇರೆ ಚೀಲಕ್ಕೆ ಕಟ್ಟಿ. ಕಬ್ಬಿಣದ ಜೊತೆ ಸಿಲಿಕಾ, ಅಲ್ಯೂಮಿನಾ, ರಂಜಕ, ಕಾಯಿಸಿದಾಗಿನ ತೂಕನಷ್ಟವನ್ನೂ ಅಳೆಸಿ. ಗೋಯಥೈಟ್ ಹೆಚ್ಚಿದ್ದಲ್ಲಿ ತೂಕನಷ್ಟ ಏರುತ್ತದೆ, ಹಲವೆಡೆ ರಂಜಕವೂ.

ಕೆಳಗಿನ ಶಿಲೆಯಲ್ಲಿ ಕಬ್ಬಿಣ ಶೇ. 30 ಇದ್ದರೂ ಅದು ಮ್ಯಾಗ್ನಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಖನಿಜ) ಆಗಿದ್ದರೆ ಕೈಬಿಡಬೇಡಿ. ನುಣ್ಣಗೆ ಅರೆದು ಡೇವಿಸ್ ಟ್ಯೂಬ್ ಪರೀಕ್ಷೆ (ಪುಡಿಯಿಂದ ಅಯಸ್ಕಾಂತಕ್ಕೆ ಸಿಗುವ ಭಾಗವನ್ನು ಬೇರ್ಪಡಿಸುವ ಪ್ರಯೋಗಾಲಯದ ಪರೀಕ್ಷೆ) ಮಾಡಿಸಿ. ಅಯಸ್ಕಾಂತ ಹಿಡಿದ ಭಾಗದ ತೂಕ, ಅದರಲ್ಲಿ ಉಳಿದ ಸಿಲಿಕಾ ಎರಡೂ ಬೇಕು. ಶಿಲೆಯೊಳಗಿನ ಮ್ಯಾಗ್ನಟೈಟ್ ಕಣಗಳು ತೀರಾ ಸಣ್ಣದಿದ್ದರೆ ಅರೆಯುವ ವಿದ್ಯುತ್ ವೆಚ್ಚವೇ ಯೋಜನೆಯನ್ನು ಕೆಡಿಸೀತು. ಮೇಲ್ಭಾಗದ ಮಾದರಿ ಮಾತ್ರ ಕೊಟ್ಟರೂ ಮೋಸ: ಅಲ್ಲಿ ಮ್ಯಾಗ್ನಟೈಟ್ ಹೆಮಟೈಟಾಗಿ ಬದಲಾಗಿ ಅಯಸ್ಕಾಂತಕ್ಕೆ ಸಿಗದಿರಬಹುದು.

ಪ್ರಶ್ನೆ: ನೆಟ್ಟಗೆ ಕೊರೆದ ರಂಧ್ರ 40 ಮೀಟರ್ ಅದಿರು ದಾಟಿದೆ. ಪದರದ ದಪ್ಪ ಅಷ್ಟೇ ತಾನೆ?

ಉತ್ತರ: ಪದರ ಸಮತಲದಿಂದ 60 ಡಿಗ್ರಿ ಇಳಿಜಾರಾಗಿದ್ದರೆ ನಿಜ ದಪ್ಪ 20 ಮೀಟರ್ ಮಾತ್ರ. ಮುಂದಿನ ರಂಧ್ರವನ್ನು ಪದರಕ್ಕೆ ಆದಷ್ಟು ಲಂಬವಾಗಿ, ಓರೆಯಾಗಿ ಕೊರೆಸಿ.