ಮಾಲೀಕರಿಗೆ ಒಂದು ಬೆಲೆ, ಖರೀದಿದಾರರಿಗೆ ಇನ್ನೊಂದು: ನಡುವಿನ ಹಣ ಇಟ್ಟುಕೊಳ್ಳುವುದು ನ್ಯಾಯವೇ?

ಪುಣೆಯ ಹಳೆಯ ಫ್ಲ್ಯಾಟುಗಳಿಗೆ ಮಾಲೀಕರಿಂದ ಕಡಿಮೆ ಬೆಲೆಗೆ ಕರಾರು ಬರೆಸಿಕೊಂಡು, ಕ್ರಯಪತ್ರವಾಗುವ ಮೊದಲೇ ಅದನ್ನು ಹೆಚ್ಚಿನ ಬೆಲೆಗೆ ಬೇರೆಯವರಿಗೆ ವಹಿಸಿಕೊಡುವ ‘ಹೋಲ್‌ಸೇಲಿಂಗ್’ ನ್ಯಾಯವೇ ಎಂದು ಕೇಳಿದ್ದೀರಿ. ಚಿಂಚ್‌ವಡದಲ್ಲಿ ಹದಿನಾಲ್ಕು ವರ್ಷಗಳಿಂದ ಮನೆ ಮಾರಿಸುವ ಕೆಲಸದಲ್ಲಿರುವ ನನ್ನ ಅಭಿಪ್ರಾಯ ಇಷ್ಟು: ನೀವು ಕೊಳ್ಳುವವರಲ್ಲ, ಕರಾರನ್ನು ದಾಟಿಸುವವರು ಎಂಬುದು ಸಹಿಗೆ ಮುನ್ನವೇ ಮಾಲೀಕರಿಗೆ ಗೊತ್ತಿದ್ದರೆ ನ್ಯಾಯ, ಇಲ್ಲದಿದ್ದರೆ ಅಲ್ಲ.

ಕೆಲವು ವರ್ಷಗಳ ಹಿಂದೆ ಇನ್ನೊಬ್ಬ ಏಜೆಂಟರು 51 ಲಕ್ಷಕ್ಕೆ ಹೇಳಿದ್ದ ಫ್ಲ್ಯಾಟೊಂದನ್ನು ತೋರಿಸಲು ನನ್ನ ಗಿರಾಕಿಯನ್ನು ಕರೆದುಕೊಂಡು ಹೋಗಿದ್ದೆ. ಮನೆಯ ಒಡತಿ ಜಮಖಂಡಿ ಕಡೆಯ ವಿಧವೆ. ಪತಿ ಭೋಸರಿಯ ಕಾರ್ಖಾನೆಯಲ್ಲಿ ದುಡಿದು ಕೊಂಡ ಮನೆ ಅದು. ನಾನು ಕನ್ನಡದವನೆಂದು ತಿಳಿದೊಡನೆ ಒಳಗಿನಿಂದ ಮರಾಠಿಯಲ್ಲಿದ್ದ ಇಸಾರ ಪಾವತಿಯನ್ನು, ಅಂದರೆ ಮುಂಗಡದ ಕರಾರುಪತ್ರವನ್ನು, ತಂದು ಕೈಗಿಟ್ಟು, “ತಮ್ಮಾ, ಇದರಾಗ ಏನ್ ಬರದಾರ ಓದಿ ಹೇಳ್ರಿ. ನನಗ ನಲವತ್ತೆರಡು ಲಕ್ಷ ಅಂದಾರ” ಎಂದರು. ನಮ್ಮ ಕಡೆ ಸಂಚಕಾರ ಎನ್ನುವ ಮುಂಗಡವಾಗಿ ಅವರಿಗೆ ಸಿಕ್ಕಿದ್ದು ಐವತ್ತು ಸಾವಿರ. ಮೂರನೆಯ ಸಾಲಿನಲ್ಲಿ ‘ಖರೀದಿದಾರರು ಅಥವಾ ಅವರು ಸೂಚಿಸಿದ ವ್ಯಕ್ತಿ’ ಎಂದಿತ್ತು. ಒಂಬತ್ತು ಲಕ್ಷ ರೂಪಾಯಿ ಆ ಒಂದು ‘ಅಥವಾ’ದಲ್ಲಿ ಅಡಗಿತ್ತು. ನಾನು ಓದಿ, ಅರ್ಥವನ್ನೂ ಹೇಳಿದೆ. ಅವರು ಮುಂಗಡ ಹಿಂದಿರುಗಿಸಿದರು, ಮನೆ ಆಮೇಲೆ 50 ಲಕ್ಷಕ್ಕೆ ಹೋಯಿತು. ಆ ಏಜೆಂಟರು ನನ್ನೊಡನೆ ವ್ಯವಹಾರ ನಿಲ್ಲಿಸಿದರು.

ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಾದ ರೇರಾ ಇದನ್ನು ತಡೆಯುತ್ತದೆಂದು ಭಾವಿಸಬೇಡಿ. ಏಜೆಂಟರ ನೋಂದಣಿಯ ಕಟ್ಟಳೆಯಾಗಲಿ, ಆ ಕಾಯ್ದೆಯಡಿ ಮಹಾರಾಷ್ಟ್ರದಲ್ಲಿರುವ ಪ್ರಾಧಿಕಾರ ಮಹಾರೇರಾ 2023ರಲ್ಲಿ ತಂದ ತರಬೇತಿ ಮತ್ತು ಪರೀಕ್ಷೆಯಾಗಲಿ ನೋಂದಾಯಿತ ಯೋಜನೆಗಳ ಮನೆಗಳನ್ನು ಮಾರಿಸುವವರಿಗೆ ಸಂಬಂಧಿಸಿದ್ದು. ಹಳೆಯ ಸೊಸೈಟಿಯ ಮರುಮಾರಾಟದಲ್ಲಿ ಬಹುಮಟ್ಟಿಗೆ ನಿಮ್ಮ ನಡತೆಯೇ ಮಾಲೀಕರಿಗಿರುವ ರಕ್ಷಣೆ. ಆದರೆ 1872ರ ಕರಾರು ಕಾಯ್ದೆಯ 216ನೆಯ ಕಲಮನ್ನು ಓದಿಕೊಳ್ಳಿ: ಏಜೆಂಟನಾಗಿ ಒಪ್ಪಿಕೊಂಡವನು ಮಾಲೀಕರಿಗೆ ತಿಳಿಸದೆ ಅದೇ ವ್ಯವಹಾರವನ್ನು ತನ್ನ ಲಾಭಕ್ಕಾಗಿ ಮಾಡಿದರೆ, ಆ ಲಾಭವನ್ನು ಕೇಳುವ ಹಕ್ಕು ಮಾಲೀಕರದು. ಹಾಗಾಗಿ ‘ನಿಮ್ಮ ಮನೆ ಮಾರಿಸಿಕೊಡುತ್ತೇನೆ’ ಎಂದು ಬಾಗಿಲು ತಟ್ಟಿ, ಒಳಗೆ ಕುಳಿತು ಖರೀದಿದಾರನಾಗುವುದು ಸಲ್ಲದು. ಯಾವ ಪಾತ್ರದಲ್ಲಿ ಬಂದಿದ್ದೀರೆಂದು ಮೊದಲ ಭೇಟಿಯಲ್ಲೇ ಹೇಳಿ. ಕರಾರನ್ನು ಅವರು ಓದಬಲ್ಲ ಭಾಷೆಯಲ್ಲಿ ಬರೆಸಿ, ವಹಿಸಿಕೊಡುವ ಷರತ್ತನ್ನು ಬೇರೆ ಸಾಲಾಗಿ ಇಡಿ, ಮಕ್ಕಳಿಗೆ ತೋರಿಸಲು ಎರಡು ದಿನ ಕೊಡಿ.

ಖರೀದಿದಾರರಿಗೂ ಇದೇ ನಿಯಮ. ಆಸ್ತಿ ವರ್ಗಾವಣೆ ಕಾಯ್ದೆಯ 54ನೆಯ ಕಲಮಿನಂತೆ ಮಾರಾಟದ ಕರಾರು ತಾನಾಗಿ ಆಸ್ತಿಯಲ್ಲಿ ಹಕ್ಕು ಹುಟ್ಟಿಸುವುದಿಲ್ಲ. ಆದ್ದರಿಂದ ‘ನನ್ನ ಫ್ಲ್ಯಾಟು’ ಎಂದು ಜಾಹೀರಾತು ಹಾಕುವುದು ಸುಳ್ಳು. ನಡುವಿನ ಹಣವನ್ನು ನಗದಿನಲ್ಲಿ ಕೇಳಲೇಬೇಡಿ, ಬ್ಯಾಂಕಿನ ಮೂಲಕವೇ ಪಡೆದು ಅದರ ಮೊತ್ತವನ್ನು ವಹಿಸಿಕೊಡುವ ಪತ್ರದಲ್ಲೇ ಬರೆಸಿ. ಆ ಪತ್ರವನ್ನು ಮಾಲೀಕರ ಎದುರಿಗೆ ಇಡಲು ಮನಸ್ಸು ಹಿಂಜರಿದರೆ ಆ ಮನೆಯನ್ನು ಬಿಟ್ಟುಬಿಡಿ.