ಹಗ್ಗ ಎಳೆಯುವ ಲ್ಯಾಬ್ರಡಾರ್‌ಗೆ

ಹತ್ತು ತಿಂಗಳ ಲ್ಯಾಬ್ರಡಾರ್ ಕಾರವಾರದ ಟ್ಯಾಗೋರ್ ಬೀಚ್‌ನಲ್ಲಿ ಕೈ ಕಿತ್ತು ಬರೋ ಹಾಗೆ ಎಳೆಯುತ್ತೆ, ಮನೇಲಿ ಚಪ್ಪಲಿ ಕಚ್ಚುತ್ತೆ, ಹೊಡೆದರೂ ಕೇಳಲ್ಲ ಅಂದಿದ್ದೀರಿ. ದಯವಿಟ್ಟು ಮೊದಲು ಹೊಡೆಯೋದು ನಿಲ್ಲಿಸಿ. ಅದರಿಂದ ನಾಯಿ ನಿಮ್ಮ ಕೈ ಕಂಡರೆ ಹೆದರೋದನ್ನ ಕಲಿಯುತ್ತೆ, ಅಷ್ಟೇ.

ಎಳೆದ ತಕ್ಷಣ ನಿಂತುಬಿಡಿ. ಹಗ್ಗ ಸಡಿಲಾಗಿ, ಅದು ತಿರುಗಿ ನಿಮ್ಮ ಮುಖ ನೋಡುತ್ತಲ್ಲ, ಆಗಲೇ ನಿಮ್ಮ ಉಗುರಿನಷ್ಟು ಬೇಯಿಸಿದ ಕೋಳಿಮಾಂಸದ ತುಂಡು ಕೊಟ್ಟು ಮುಂದೆ ನಡೆಯಿರಿ. ಇದನ್ನ ಅಂಗಳದಲ್ಲೇ ಶುರು ಮಾಡಿ. ಬೀಚ್‌ನಲ್ಲಿ ಮೀನಿನ ವಾಸನೆ, ಬೀದಿನಾಯಿಗಳು. ಅಲ್ಲಿ ಮೊದಲ ಪಾಠ ತಲೆಗೆ ಹತ್ತಲ್ಲ.

ಬೀಚ್‌ಗೆ ಬಿಸಿಲೇರೋ ಮೊದಲೇ ಹೋಗಿ, ಕುಡಿಯೋ ನೀರು ಒಯ್ಯಿರಿ. ಸಮುದ್ರದ ನೀರು ಕುಡಿದರೆ ವಾಂತಿ, ಭೇದಿ ಆಗಬಹುದು. ಮರಳಲ್ಲಿ ಬಿದ್ದ ಸತ್ತ ಮೀನಿಗೆ ಬಾಯಿ ಹಾಕೋಕೂ ಬಿಡಬೇಡಿ.

ಚಪ್ಪಲಿ ಕಪಾಟಿನಲ್ಲಿಡಿ, ಕಚ್ಚೋಕೆ ಗಟ್ಟಿ ರಬ್ಬರ್ ಆಟಿಕೆ ಕೊಡಿ.

ಇನ್ನೊಂದು, ನೀವು ಕೇಳದಿದ್ದರೂ ಹೇಳ್ತೇನೆ: ರೇಬೀಸ್ ಜೊತೆ ಇಲಿಜ್ವರದ ಲಸಿಕೆಯೂ ಆಗಿದೆಯಾ ಅಂತ ಪಶುವೈದ್ಯರನ್ನ ಕೇಳಿ. ನಮ್ಮ ಮಳೆಗಾಲದಲ್ಲಿ ನಿಂತ ನೀರಿಂದ ಅದು ನಾಯಿಗೂ ಬರುತ್ತೆ, ಮನೆಯವರಿಗೂ. ತಿರುಗಾಡಿ ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಇದೆಯಾ ದಿನಾ ನೋಡಿ.